ಬೆಳಕು ಬಿದ್ದಾಗ ಕೆಲಸ ಮಾಡುವ ಜೆಲ್, ಔಷಧಿಗೆ ಬಗ್ಗದ ಗಾಯದ ಸೋಂಕಿಗೆ ಎಷ್ಟರ ಮಟ್ಟಿಗೆ ನೆರವಾಗಬಲ್ಲದು?

ಪ್ರಶ್ನೆ: ಜಗಳೂರು ತಾಲ್ಲೂಕಿನ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೆಕ್ಕೆಜೋಳ ಕಟಾವಾದ ಹೊಲದಲ್ಲಿ ಓಡಾಡುವಾಗ ಅಂಗಾಲಿಗೆ ಕೂಳೆ ಚುಚ್ಚಿದ್ದು ಅವರ ಅರಿವಿಗೇ ಬರಲಿಲ್ಲ. ಹಾಸಿಗೆಯ ಮೇಲೆ ಕಲೆ ಕಂಡಾಗಲೇ ಮನೆಯವರು ಕಾಲು ತಿರುಗಿಸಿ ನೋಡಿದ್ದು. ಈಗ ಹೆಬ್ಬೆರಳಿನ ಬುಡದಲ್ಲಿ ಸುಮಾರು 2 ಸೆಂ.ಮೀ. ಅಗಲದ ಹುಣ್ಣಿದೆ. ದಾವಣಗೆರೆಯಲ್ಲಿ ಕೀವಿನ ಕಲ್ಚರ್ (ಅದರಲ್ಲಿರುವ ಜೀವಿಯನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದಾಗ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಇರುವುದಾಗಿ ವರದಿ ಬಂದಿತು. ಪಟ್ಟಿಯಲ್ಲಿದ್ದ ಬಹುಪಾಲು ಔಷಧಿಗಳ ಎದುರು ಆರ್ (ಔಷಧಿಗೆ ಬಗ್ಗುವುದಿಲ್ಲ) ಎಂದು ಬರೆದಿದ್ದಾರೆ, ಕೊಲಿಸ್ಟಿನ್ ಎದುರು ಮಾತ್ರ ಐ (ಮಧ್ಯಮ) ಎಂದಿದೆ.

ಗಾಯದ ಮೇಲೆ ಜೆಲ್ ಹಚ್ಚಿ ಅದರ ಮೇಲೆ ನಿರ್ದಿಷ್ಟ ಬಣ್ಣದ ಬೆಳಕು ಹಾಯಿಸಿದರೆ ಇಂತಹ ಬ್ಯಾಕ್ಟೀರಿಯಾಗಳೂ ಸಾಯುತ್ತವೆ ಎಂಬ ಸುದ್ದಿಯನ್ನು ಇತ್ತೀಚೆಗೆ ಓದಿದೆ. ಆಂಟಿಬಯೋಟಿಕ್‌ಗೆ ಸಾಯದ ಜೀವಿ ಬೆಳಕಿಗೆ ಹೇಗೆ ಸಾಯುತ್ತದೆ? ಮುಂದೆ ಬೆಳಕಿಗೂ ಅದು ಒಗ್ಗಿಕೊಳ್ಳುವುದಿಲ್ಲವೇ? ನಮ್ಮ ಭಾಗದಲ್ಲಿ ಈ ಚಿಕಿತ್ಸೆ ಸಿಗುತ್ತದೆಯೇ? ಅರಿಶಿನದಲ್ಲಿಯೂ ಬೆಳಕಿಗೆ ಸ್ಪಂದಿಸುವ ಗುಣವಿದೆ, ಹಚ್ಚಿಕೊಂಡು ಬಿಸಿಲಿನಲ್ಲಿ ಕಾಲು ಚಾಚಿ ಕುಳಿತರೆ ಸಾಕು ಎಂದು ಊರಿನ ಹಿರಿಯರೊಬ್ಬರು ಹೇಳುತ್ತಿದ್ದಾರೆ, ಅಪ್ಪನಿಗೂ ಆ ಮಾತು ಹಿಡಿಸಿದೆ. ತಿಳಿದವರು ದಯವಿಟ್ಟು ವಿವರವಾಗಿ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ಸೂಕ್ಷ್ಮಜೀವಿಶಾಸ್ತ್ರ ಬೋಧಕಿ, ದಾವಣಗೆರೆ

ನೀವು ಓದಿದ ಸುದ್ದಿಯ ಹಿಂದೆ ನೂರು ವರ್ಷಕ್ಕೂ ಹಳೆಯದಾದ ವಿಜ್ಞಾನವಿದೆ. 1900ರ ಆಸುಪಾಸಿನಲ್ಲಿ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ, ತನ್ನ ಗುರು ಹರ್ಮನ್ ಫಾನ್ ಟಾಪೈನರ್ ಅವರ ಪ್ರಯೋಗಾಲಯದಲ್ಲಿ, ಅಕ್ರಿಡೀನ್ ಬಣ್ಣ ಬೆರೆಸಿದ ನೀರಿನಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಬೆಳಕಿದ್ದಾಗ ಬೇಗ ಸಾಯುತ್ತವೆ, ಬೆಳಕು ಕಡಿಮೆಯಿದ್ದಾಗ ಹೆಚ್ಚು ಹೊತ್ತು ಬದುಕುತ್ತವೆ ಎಂಬುದನ್ನು ಗಮನಿಸಿದರು. ಬಣ್ಣ, ಬೆಳಕು, ಆಮ್ಲಜನಕ ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ಪರಿಣಾಮವಾಗುತ್ತದೆ ಎಂಬುದು ಆ ಬಳಿಕ ಸ್ಪಷ್ಟವಾಯಿತು. ಪೆನಿಸಿಲಿನ್ ಬಂದ ಮೇಲೆ ಸೋಂಕಿಗೆ ಈ ದಾರಿಯ ಅಗತ್ಯವಿಲ್ಲವೆನಿಸಿತು. ಔಷಧಿಗಳು ಒಂದೊಂದಾಗಿ ಕೈಕೊಡುತ್ತಿರುವ ಈ ಕಾಲದಲ್ಲಿ ಸಂಶೋಧಕರು ಮತ್ತೆ ಅದೇ ಕಡೆ ತಿರುಗಿದ್ದಾರೆ.

ಜೆಲ್‌ನಲ್ಲಿರುವ ಬಣ್ಣದ ಅಣು ತನಗೆ ಹೊಂದುವ ಬೆಳಕನ್ನು ಹೀರಿಕೊಂಡು, ಆ ಶಕ್ತಿಯನ್ನು ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಶಕ್ತಿ ಪಡೆದ ಆಮ್ಲಜನಕವನ್ನು ಸಿಂಗ್ಲೆಟ್ ಆಕ್ಸಿಜನ್ ಎನ್ನುತ್ತಾರೆ. ನೀರಿನಲ್ಲಿ ಅದರ ಆಯುಷ್ಯ ಕೆಲವೇ ಮೈಕ್ರೋಸೆಕೆಂಡುಗಳಾದ್ದರಿಂದ ಅದು ಒಂದು ಬ್ಯಾಕ್ಟೀರಿಯಾದ ಉದ್ದದಷ್ಟು ದೂರವನ್ನೂ ಕ್ರಮಿಸಲಾರದು. ಆದ್ದರಿಂದ ಬಣ್ಣದ ಅಣು ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡಿದ್ದರೆ ಮಾತ್ರ ಕೆಲಸವಾಗುತ್ತದೆ. ಬಣ್ಣವನ್ನು ಗಾಯದ ಮೇಲೆ ಸಮನಾಗಿ ಹಿಡಿದಿಟ್ಟು, ಹರಿದುಹೋಗದಂತೆ ತಡೆದು, ಗಾಯವನ್ನು ಒದ್ದೆಯಾಗಿಡುವುದು ಜೆಲ್‌ನ ಕೆಲಸ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸಾಮಾನ್ಯವಾಗಿ ಆಂಟಿಬಯೋಟಿಕ್ ಬ್ಯಾಕ್ಟೀರಿಯಾದ ಯಾವುದೋ ಒಂದು ನಿರ್ದಿಷ್ಟ ಭಾಗಕ್ಕೆ ಹೋಗಿ ಕೂರಬೇಕು. ಸ್ಯೂಡೊಮೊನಾಸ್ ಆ ಔಷಧಿಯನ್ನು ಒಡೆಯುವ ಕಿಣ್ವವನ್ನು ತಯಾರಿಸುತ್ತದೆ, ಒಳಬರುವ ರಂಧ್ರಗಳನ್ನು ಕಿರಿದಾಗಿಸುತ್ತದೆ, ಒಳಗೆ ಬಂದದ್ದನ್ನು ಪಂಪ್ ಮಾಡಿ ಹೊರಹಾಕುತ್ತದೆ. ಸಿಂಗ್ಲೆಟ್ ಆಕ್ಸಿಜನ್ ಹಾಗೆ ಒಂದೇ ಗುರಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಹೊರಪೊರೆಯ ಕೊಬ್ಬು, ಪ್ರೋಟೀನು, ಡಿಎನ್‌ಎ ಹೀಗೆ ಎದುರಿಗೆ ಸಿಕ್ಕಿದ್ದನ್ನೆಲ್ಲ ಹಾಳುಮಾಡುತ್ತದೆ. ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ಗೆ ಬಗ್ಗದ ತಳಿಯೂ ಬಗ್ಗುವ ತಳಿಯೂ ಇದರ ಮುಂದೆ ಹೆಚ್ಚುಕಡಿಮೆ ಒಂದೇ. ಒಗ್ಗಿಕೊಳ್ಳುವ ಸಾಧ್ಯತೆ ಪೂರ್ತಿ ಇಲ್ಲವೆಂದು ಮಾತ್ರ ಹೇಳಲಾರೆ. ಸಾಯಿಸುವಷ್ಟಿಲ್ಲದ ಅರೆಬರೆ ಬೆಳಕನ್ನು ಮತ್ತೆ ಮತ್ತೆ ಕೊಟ್ಟ ಕೆಲವು ಪ್ರಯೋಗಗಳಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸ್ವಲ್ಪ ಸಹಿಷ್ಣುತೆಯನ್ನು ಬೆಳೆಸಿಕೊಂಡಿದೆ. ಆಂಟಿಬಯೋಟಿಕ್‌ಗೆ ಹುಟ್ಟುವಷ್ಟು ಗಟ್ಟಿಯಾದ ಪ್ರತಿರೋಧ ಅದಲ್ಲ.

ಆದರೆ ಸ್ಯೂಡೊಮೊನಾಸ್ ಈ ಚಿಕಿತ್ಸೆಗೂ ಸುಲಭದ ತುತ್ತಲ್ಲ. ಸ್ಟ್ಯಾಫಿಲೊಕಾಕಸ್‌ಗೆ ಇಲ್ಲದ ಇನ್ನೊಂದು ಹೊರಪೊರೆ ಅದಕ್ಕಿದೆ, ಆ ಪೊರೆಯ ಮೇಲೆ ಋಣ ವಿದ್ಯುದಂಶವಿದೆ. ಹಾಗಾಗಿ ಮೀಥಿಲೀನ್ ಬ್ಲೂ, ಟೊಲ್ಯೂಡಿನ್ ಬ್ಲೂಗಳಂತಹ ಧನ ವಿದ್ಯುದಂಶವಿರುವ ಬಣ್ಣಗಳೇ ಅದಕ್ಕೆ ಅಂಟುತ್ತವೆ. ಇದರ ಜೊತೆಗೆ ಬಯೋಫಿಲ್ಮ್ ಎಂಬ ಲೋಳೆಯ ಪದರದೊಳಗೆ ಅವಿತ ಬ್ಯಾಕ್ಟೀರಿಯಾಗಳ ತನಕ ಬಣ್ಣವೂ ಬೆಳಕೂ ತಲುಪುವುದು ಕಷ್ಟ.

ಸುದ್ದಿಗಳಲ್ಲಿ 99.9 ಶೇಕಡಾ ಬ್ಯಾಕ್ಟೀರಿಯಾ ನಾಶ ಎಂದು ಬರೆದಿರುವುದನ್ನು ಓದುವಾಗ ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಿ. ಗಾಯದಲ್ಲಿ 10 ಕೋಟಿ ಬ್ಯಾಕ್ಟೀರಿಯಾಗಳಿದ್ದರೆ, ಅಷ್ಟು ಸತ್ತ ಮೇಲೂ 1 ಲಕ್ಷ ಉಳಿದಿರುತ್ತವೆ. ಅವು ಹತ್ತು ಬಾರಿ ಇಮ್ಮಡಿಯಾದರೆ ಮೊದಲಿನ ಸಂಖ್ಯೆಗೇ ಮರಳುತ್ತವೆ. ದೀಪ ಆರಿಸಿದ ಕ್ಷಣದಲ್ಲಿ ಕ್ರಿಯೆಯೂ ನಿಲ್ಲುವುದರಿಂದ, ಒಮ್ಮೆ ಮಾಡಿ ಬಿಡುವಂತಹ ಚಿಕಿತ್ಸೆ ಇದಲ್ಲ.

ವರದಿಯ ಬಗ್ಗೆ ಒಂದು ಮಾತು. ಕೊಲಿಸ್ಟಿನ್ ಎದುರು ಐ ಎಂದಿರುವುದನ್ನು ನೋಡಿ ಗಾಬರಿಯಾಗಬೇಡಿ. ಅನೇಕ ಲ್ಯಾಬುಗಳು ಅನುಸರಿಸುವ, ಅಮೆರಿಕದ ಸಂಸ್ಥೆಯೊಂದು ರೂಪಿಸಿದ ಸಿಎಲ್‌ಎಸ್‌ಐ ಮಾನದಂಡದಲ್ಲಿ 2020ರಿಂದೀಚೆಗೆ ಸ್ಯೂಡೊಮೊನಾಸ್‌ಗೆ ಕೊಲಿಸ್ಟಿನ್ ವಿಷಯದಲ್ಲಿ ಎಸ್, ಅಂದರೆ ಔಷಧಿಗೆ ಬಗ್ಗುತ್ತದೆ ಎಂಬ ವರ್ಗವನ್ನೇ ತೆಗೆದಿದ್ದಾರೆ. ಅದನ್ನು ಬಳಸಬೇಕೋ ಬೇಡವೋ ಎಂಬುದನ್ನು ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರೇ ನಿರ್ಧರಿಸಬೇಕು.

ಉತ್ತರ: ರಸಾಯನಶಾಸ್ತ್ರ ಉಪನ್ಯಾಸಕ, ಚಳ್ಳಕೆರೆ

ಮೇಡಂ ಅವರು ಜೀವಿಯ ಕಡೆಯಿಂದ ವಿವರಿಸಿದ್ದಾರೆ, ನಾನು ಬೆಳಕಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಬೆಳಕಿನ ಜೆಲ್ ಎಂಬ ಒಂದೇ ಹೆಸರಿನಲ್ಲಿ ಸುದ್ದಿಮನೆಗಳು ಬೇರೆ ಬೇರೆ ವಸ್ತುಗಳನ್ನು ಬೆರೆಸಿಬಿಡುತ್ತವೆ. ಕೆಲವು ಜೆಲ್‌ಗಳಲ್ಲಿ ಬೆಳಕು ಮಾಡುವ ಕೆಲಸವೆಂದರೆ ದ್ರವವನ್ನು ಗಾಯದ ಆಕಾರಕ್ಕೆ ಗಟ್ಟಿಯಾಗಿಸುವುದು ಅಷ್ಟೇ, ಬ್ಯಾಕ್ಟೀರಿಯಾವನ್ನು ಅದು ಕೊಲ್ಲುವುದಿಲ್ಲ. ಇನ್ನು ಕೆಲವು, ಚಿನ್ನದ ಅತಿಸೂಕ್ಷ್ಮ ಕಣಗಳನ್ನೋ ಪಾಲಿಡೋಪಮೀನ್ ಎಂಬ ಕಪ್ಪು ವಸ್ತುವನ್ನೋ ಸೇರಿಸಿ, ಕಣ್ಣಿಗೆ ಕಾಣದ 808 ನ್ಯಾನೊಮೀಟರ್ ತರಂಗಾಂತರದ ಬೆಳಕು ಬಿದ್ದಾಗ ಸುಮಾರು 50 ಡಿಗ್ರಿ ತನಕ ಬಿಸಿಯಾಗಿ ಬ್ಯಾಕ್ಟೀರಿಯಾವನ್ನು ಸುಡುವಂಥವು. ಮೇಡಂ ವಿವರಿಸಿದ್ದು ಆಮ್ಲಜನಕದ ಮೂಲಕ ಕೊಲ್ಲುವ ಜೆಲ್‌ಗಳನ್ನು. ನಿಮ್ಮ ತಂದೆಯವರ ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲವಾದ್ದರಿಂದ, ಬಿಸಿಯಾಗುವ ಬಗೆಯ ಜೆಲ್ ಎಂದರೆ ನಾನಂತೂ ಬಹಳ ಯೋಚಿಸುತ್ತೇನೆ.

ಎಷ್ಟು ಆಳಕ್ಕೆ ಬೆಳಕು ಇಳಿಯುತ್ತದೆ ಎಂಬುದು ಈ ಚಿಕಿತ್ಸೆಯ ಎಲ್ಲೆಯನ್ನು ನಿರ್ಧರಿಸುವ ಸಂಗತಿ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಬೆರಳ ತುದಿಗೆ ಒತ್ತಿ ಹಿಡಿದು ನೋಡಿ. ಬಿಳಿಯ ಬೆಳಕನ್ನು ಕೊಟ್ಟರೂ ಆಚೆ ಕಡೆ ಕೆಂಪು ಮಾತ್ರ ಕಾಣುತ್ತದೆ. ನೀಲಿಯನ್ನೂ ಹಸಿರನ್ನೂ ರಕ್ತ ಮತ್ತು ಚರ್ಮ ನುಂಗಿಬಿಟ್ಟಿರುತ್ತವೆ. ಚಿಕಿತ್ಸೆಗೆ ಬೇಕಾದ ತೀವ್ರತೆಯಲ್ಲಿ ನೀಲಿ ಬೆಳಕು ಅಂಗಾಂಶದೊಳಗೆ ಒಂದು ಮಿಲಿಮೀಟರ್ ಕೂಡ ಇಳಿಯದು, ಕೆಂಪು ಕೆಲವು ಮಿಲಿಮೀಟರ್ ಇಳಿಯುತ್ತದೆ. ಮೀಥಿಲೀನ್ ಬ್ಲೂ ಸುಮಾರು 660 ನ್ಯಾನೊಮೀಟರಿನ ಕೆಂಪು ಬೆಳಕನ್ನು ಹೀರುವುದರಿಂದಲೇ ಗಾಯದ ಪ್ರಯೋಗಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಅರಿಶಿನದ ಮಾತಿಗೆ ಬರೋಣ. ನಿಮ್ಮ ಊರಿನ ಹಿರಿಯರು ಹೇಳಿದ್ದರಲ್ಲಿ ನಿಜದ ಎಳೆಯೊಂದಿದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ 420ರಿಂದ 430 ನ್ಯಾನೊಮೀಟರಿನ ನೀಲಿ ಬೆಳಕನ್ನು ಹೀರಿ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು, ಅದರ ಮೇಲೆ ಗಂಭೀರ ಸಂಶೋಧನೆಗಳೂ ನಡೆದಿವೆ. ಆದರೆ ಅಲ್ಲಿ ಬಳಸುವುದು ಶುದ್ಧೀಕರಿಸಿ, ಕರಗುವಂತೆ ಮಾಡಿ, ಅಳೆದು ಸೇರಿಸಿದ ಕರ್ಕ್ಯುಮಿನ್. ಅಡುಗೆಮನೆಯ ಅರಿಶಿನದಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ 2ರಿಂದ 5 ಭಾಗ ಮಾತ್ರ ಇರುತ್ತದೆ. ಅದೂ ನೀರಿನಲ್ಲಿ ಕರಗದು, ಬೆಳಕಿಗೆ ತಾನೇ ಬೇಗ ಒಡೆದುಹೋಗುತ್ತದೆ. ಪುಡಿಯಲ್ಲಿ ಮಣ್ಣಿನಿಂದ ಬಂದ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು, ಕಲಬೆರಕೆಯಾಗಿದ್ದರೆ ಸೀಸದ ಕ್ರೋಮೇಟ್ ಕೂಡ ಇರಬಹುದು. ಅದನ್ನು ತೆರೆದ ಹುಣ್ಣಿಗೆ ತುಂಬಿದರೆ ಒಳಗೆ ಏನಾಗುತ್ತಿದೆ ಎಂಬುದು ವೈದ್ಯರಿಗೂ ಕಾಣದಂತಾಗುತ್ತದೆ. ಬಿಸಿಲಿನ ವಿಷಯದಲ್ಲಿ ನನ್ನ ಮಾತು ಇನ್ನೂ ನೇರವಾಗಿದೆ. ನಮ್ಮ ಚಳ್ಳಕೆರೆ, ಜಗಳೂರು ಕಡೆಯ ಬೇಸಗೆಯಲ್ಲಿ ಸ್ಪರ್ಶವಿಲ್ಲದ ಪಾದವನ್ನು ಬಿಸಿಲಿಗೆ ಚಾಚಿ ಕೂರಿಸಿದರೆ ಬೊಬ್ಬೆ ಎದ್ದರೂ ಅವರಿಗೆ ತಿಳಿಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಬೆಳಕಿಗೂ ಡೋಸ್ ಇದೆ. ಪ್ರತಿ ಚದರ ಸೆಂ.ಮೀ.ಗೆ 50 ಮಿಲಿವ್ಯಾಟ್ ಬೀಳುವ ದೀಪವನ್ನು 10 ನಿಮಿಷ ಹಿಡಿದರೆ 30 ಜೂಲ್ ಶಕ್ತಿ ಸೇರುತ್ತದೆ. ದೀಪ ಸ್ವಲ್ಪ ದೂರ ಸರಿದರೆ ಆ ಲೆಕ್ಕವೆಲ್ಲ ಬದಲಾಗುತ್ತದೆ. ಕಡಿಮೆಯಾದರೆ ಬ್ಯಾಕ್ಟೀರಿಯಾ ಉಳಿಯುತ್ತದೆ, ವಿಪರೀತವಾದರೆ ಹೊಸದಾಗಿ ಹುಟ್ಟುತ್ತಿರುವ ಚರ್ಮದ ಕೋಶಗಳೂ ಸಾಯುತ್ತವೆ.

ಮರುಪ್ರಶ್ನೆ: ಜಗಳೂರು ತಾಲ್ಲೂಕಿನ ಓದುಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಉಪನ್ಯಾಸಕರ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ, ಬಿಸಿಲಿನ ಯೋಚನೆಯನ್ನು ಅವರು ಕೈಬಿಟ್ಟಿದ್ದಾರೆ. ಇನ್ನೆರಡು ಸಂದೇಹಗಳು ಉಳಿದಿವೆ. ಅಲಂಕಾರಿಕ ಮೀನು ಮಾರುವ ಅಂಗಡಿಯಲ್ಲಿ ಮೀಥಿಲೀನ್ ಬ್ಲೂ ಬಾಟಲಿ ಸಿಗುತ್ತದೆ, ಕೆಂಪು ಎಲ್‌ಇಡಿ ದೀಪವೂ ಸಿಗುತ್ತದೆ. ವೈದ್ಯರೇ ಮುಂದೆ ನಿಂತು ಮಾಡುವುದಾದರೆ ಅದನ್ನು ಬಳಸಬಹುದೇ? ಮನುಷ್ಯರ ಮೇಲೆ, ಅದರಲ್ಲಿಯೂ ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನ ಮೇಲೆ, ಯಾರಾದರೂ ಇದನ್ನು ಸರಿಯಾಗಿ ಪರೀಕ್ಷಿಸಿದ್ದಾರೆಯೇ?

ಉತ್ತರ: ಸೂಕ್ಷ್ಮಜೀವಿಶಾಸ್ತ್ರ ಬೋಧಕಿ, ದಾವಣಗೆರೆ

ಮೀನಿನ ಅಂಗಡಿಯ ಬಾಟಲಿಯನ್ನು ಗಾಯದ ಹತ್ತಿರವೂ ತರಬೇಡಿ. ಅದು ಮನುಷ್ಯರ ಬಳಕೆಗೆ ಶುದ್ಧೀಕರಿಸಿದ್ದಲ್ಲ, ಕ್ರಿಮಿರಹಿತವೂ ಅಲ್ಲ.

ಪರೀಕ್ಷೆ ನಡೆದಿದೆ. ಮೀಥಿಲೀನ್ ಬ್ಲೂವಿನ ರಾಸಾಯನಿಕ ಕುಟುಂಬಕ್ಕೇ ಸೇರಿದ ಪಿಪಿಎ904 ಎಂಬ ಬಣ್ಣದ ಮೇಲೆ ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವನ್ನು ನಾನು ತರಗತಿಯಲ್ಲಿ ಆಗಾಗ ಉದಾಹರಿಸುತ್ತೇನೆ. ಕಾಲಿನ ಹಳೆಯ ಹುಣ್ಣಿದ್ದ 16 ಮಂದಿ ಮತ್ತು ಸಕ್ಕರೆ ಕಾಯಿಲೆಯ ಪಾದದ ಹುಣ್ಣಿದ್ದ 16 ಮಂದಿ ಅದರಲ್ಲಿದ್ದರು. ಎರಡೂ ಗುಂಪಿನಲ್ಲಿ ಅರ್ಧ ಜನರಿಗೆ ನಿಜವಾದ ಬಣ್ಣ, ಉಳಿದರ್ಧಕ್ಕೆ ಹುಸಿ ಔಷಧಿ ಹಚ್ಚಿ, ಎಲ್ಲರಿಗೂ ಕೆಂಪು ಬೆಳಕು ಕೊಟ್ಟರು. ನಿಜವಾದ ಬಣ್ಣ ಪಡೆದವರಲ್ಲಿ ಬೆಳಕು ಕೊಟ್ಟ ಕೂಡಲೇ ಬ್ಯಾಕ್ಟೀರಿಯಾಗಳ ಸಂಖ್ಯೆ ಇಳಿಯಿತು. ಕಾಲಿನ ಹಳೆಯ ಹುಣ್ಣಿದ್ದವರ ಪೈಕಿ ಮೂರು ತಿಂಗಳ ಬಳಿಕ ಚಿಕಿತ್ಸೆ ಪಡೆದ 8 ಜನರಲ್ಲಿ 4 ಮಂದಿಯ ಹುಣ್ಣು ಪೂರ್ತಿ ಮಾಯ್ದಿತ್ತು, ಹುಸಿ ಔಷಧಿಯ 8 ಜನರಲ್ಲಿ ಒಬ್ಬರದು ಮಾತ್ರ. ಓದಿದಾಗ ಭರವಸೆ ಹುಟ್ಟುವುದು ಸಹಜ, ನನಗೂ ಹುಟ್ಟಿತು. ಆದರೆ ಎಂಟು ಎಂಟು ಜನರ ಗುಂಪಿನಲ್ಲಿ ಒಬ್ಬಿಬ್ಬರ ಫಲಿತಾಂಶ ಆಚೀಚೆ ಆದರೂ ಚಿತ್ರವೇ ಬದಲಾಗುತ್ತದೆ. ಅಲ್ಲದೆ ಆ ಮಾಯುವಿಕೆಯ ಅಂಕಿ ರಕ್ತನಾಳದ ತೊಂದರೆಯಿಂದ ಬರುವಂತಹ ಕಾಲಿನ ಹುಣ್ಣುಗಳದ್ದೇ ಹೊರತು ನಿಮ್ಮ ತಂದೆಯವರಂತಹ ಪಾದದ ಹುಣ್ಣುಗಳದ್ದಲ್ಲ.

ಬಾಯಿಯ ಒಳಗೆ ಮತ್ತು ಮೂಗಿನ ಒಳಗೆ ಇದೇ ತತ್ವ ಆಗಲೇ ಬಳಕೆಗೆ ಬಂದಿದೆ. ವಸಡಿನ ಸೋಂಕಿಗೆ ದಂತವೈದ್ಯರು ಮೀಥಿಲೀನ್ ಬ್ಲೂ ಹಾಕಿ ಕೆಂಪು ಲೇಸರ್ ಹಾಯಿಸುವ ಪದ್ಧತಿಯಿದೆ. ಕೆನಡಾದಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯ ಮೂಗಿನಲ್ಲಿರುವ ಸ್ಟ್ಯಾಫಿಲೊಕಾಕಸ್ ತೆಗೆಯಲು ಇದನ್ನು ಬಳಸುತ್ತಾರೆ. ಎರಡೂ ಕಡೆ ಬ್ಯಾಕ್ಟೀರಿಯಾ ಇರುವುದು ಬೆಳಕು ತಲುಪುವಷ್ಟು ಮೇಲ್ಭಾಗದಲ್ಲಿ ಎಂಬುದನ್ನು ಗಮನಿಸಿ. ಬೆಳಕಿನಿಂದ ಪೊರೆ ಹಾಳಾದ ಬ್ಯಾಕ್ಟೀರಿಯಾದ ಒಳಗೆ ಆಂಟಿಬಯೋಟಿಕ್ ಸುಲಭವಾಗಿ ಹೋಗುತ್ತದೆ ಎಂಬ ಪ್ರಯೋಗಗಳೂ ಇವೆ, ಮುಂದಿನ ದಿನಗಳಲ್ಲಿ ಎರಡನ್ನೂ ಕೂಡಿಸಿ ಕೊಡುವುದೇ ಫಲ ಕೊಟ್ಟೀತು ಎಂದು ನನಗನ್ನಿಸುತ್ತದೆ.

ನಮ್ಮಲ್ಲಿ ಸೋಂಕಾದ ಗಾಯಕ್ಕೆ ಇದು ಇನ್ನೂ ದಿನನಿತ್ಯದ ಚಿಕಿತ್ಸೆಯಾಗಿಲ್ಲ. ಯಾರಾದರೂ ಪ್ರಯೋಗಾರ್ಥವಾಗಿ ಮಾಡುತ್ತೇವೆಂದು ಮುಂದೆ ಬಂದರೆ, ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆಯನ್ನೂ ನೈತಿಕ ಸಮಿತಿಯ ಅನುಮತಿಯನ್ನೂ ಕೇಳಿ. 2009ರಿಂದ ಆ ನೋಂದಣಿ ಕಡ್ಡಾಯವಾಗಿದೆ. ಒಪ್ಪಿಗೆ ಪತ್ರ ನಿಮ್ಮ ತಂದೆಯವರಿಗೆ ಅರ್ಥವಾಗುವ ಕನ್ನಡದಲ್ಲಿರಬೇಕು. ಜೆಲ್‌ಗೆಂದು ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಉತ್ತರ: ನಿವೃತ್ತ ಶುಶ್ರೂಷಕಿ, ಚಿತ್ರದುರ್ಗ

ತಮ್ಮಾ, ಮೇಲಿನ ಇಬ್ಬರೂ ವಿಜ್ಞಾನವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಡ್ರೆಸ್ಸಿಂಗ್ ಕೋಣೆಯಲ್ಲಿ ಇಂತಹ ಪಾದಗಳನ್ನು ಬಹಳ ಕಾಲ ನೋಡಿದವಳು, ಆದ್ದರಿಂದ ಈಗಲೇ ಆಗಬೇಕಾದುದನ್ನು ಹೇಳುತ್ತೇನೆ.

ಸ್ಯೂಡೊಮೊನಾಸ್ ಇರುವ ಗಾಯದ ಗಾಜ್ ಬಿಚ್ಚಿದರೆ ಹಸಿರು ಕಲೆ ಕಾಣುತ್ತದೆ, ಸ್ವಲ್ಪ ಸಿಹಿ ಬೆರೆತ ವಾಸನೆ ಬರುತ್ತದೆ. ಗಾಯದ ತಳದಲ್ಲಿ ಹಳದಿ ಬಣ್ಣದ, ಎಳೆದರೆ ಬಾರದ ಮೆತ್ತನೆಯ ಪದರ ಕೂತಿರುತ್ತದೆ. ಅದು ಸತ್ತ ಅಂಗಾಂಶ. ಅದು ಇರುವ ತನಕ ಮೇಲಿನಿಂದ ಯಾವ ಮುಲಾಮು ಹಚ್ಚಿದರೂ, ಯಾವ ಬೆಳಕು ಹಾಯಿಸಿದರೂ ಅಡಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಮುಟ್ಟುವುದಿಲ್ಲ. ಶಸ್ತ್ರವೈದ್ಯರು ಅದನ್ನು ಕತ್ತರಿಸಿ ತೆಗೆಯಬೇಕು. ಹಾಗೆ ತೆಗೆದ ಮೇಲೆ ತಳದ ಅಂಗಾಂಶದ ಚೂರನ್ನು ಕಲ್ಚರ್‌ಗೆ ಕಳಿಸಿದರೆ, ಮೇಲಿನ ಕೀವನ್ನು ಒರೆಸಿ ಕಳಿಸಿದ ವರದಿಗಿಂತ ನಂಬಲರ್ಹವಾದ ಉತ್ತರ ಸಿಗುತ್ತದೆ. ನಿಮ್ಮ ಈಗಿನ ವರದಿ ಯಾವ ಬಗೆಯದು ಎಂಬುದನ್ನು ಕೇಳಿ ತಿಳಿದುಕೊಳ್ಳಿ.

ಹೆಬ್ಬೆರಳಿನ ಬುಡದ ಹುಣ್ಣು ಎಂದಿದ್ದೀರಿ. ಅಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಹೆಚ್ಚು ಮಾಂಸವಿಲ್ಲ. ವೈದ್ಯರು ಕ್ರಿಮಿಶುದ್ಧ ಮಾಡಿದ ಲೋಹದ ಕಡ್ಡಿಯನ್ನು ಹುಣ್ಣಿನೊಳಗೆ ನಿಧಾನವಾಗಿ ಇಳಿಸಿ, ತುದಿಗೆ ಗಟ್ಟಿಯಾದದ್ದು ತಾಗುತ್ತದೆಯೇ ಎಂದು ನೋಡುತ್ತಾರೆ. ತಾಗಿದರೆ ಮೂಳೆಗೂ ಸೋಂಕು ಹಬ್ಬಿರುವ ಸಂಭವ ಹೆಚ್ಚು. ಆಗ ಎಕ್ಸ್‌ರೇ ತೆಗೆಸುತ್ತಾರೆ, ಬೇಕಾದರೆ ಎಂಆರ್‌ಐ. ಕೆಲವು ಮಿಲಿಮೀಟರ್ ಇಳಿಯುವ ಬೆಳಕು ಮೂಳೆಯ ಒಳಗಿನ ಸೋಂಕಿಗೆ ಏನೂ ಮಾಡಲಾರದು ಎಂಬುದನ್ನು ನೀವೇ ಊಹಿಸಬಹುದು. ಪಾದದಲ್ಲಿ ನಾಡಿ ಸಿಗುತ್ತದೆಯೇ ಎಂಬುದನ್ನೂ ನೋಡಿಸಿ. ರಕ್ತ ಸರಿಯಾಗಿ ಹರಿಯದ ಪಾದಕ್ಕೆ ರಕ್ತನಾಳದ ಚಿಕಿತ್ಸೆ ಆಗದ ಹೊರತು ಹುಣ್ಣು ಮಾಯುವುದಿಲ್ಲ, ಇಂಜೆಕ್ಷನ್ ಮೂಲಕ ಕೊಟ್ಟ ಔಷಧಿಯೂ ಅಲ್ಲಿಗೆ ತಲುಪುವುದಿಲ್ಲ.

ಆರ್ ಎಂದು ತುಂಬಿರುವ ವರದಿಯನ್ನು ನೋಡಿ ಕಾಲು ಉಳಿಯುವುದಿಲ್ಲ ಎಂದು ಹೆದರುವವರನ್ನು ಬಹಳ ಕಂಡಿದ್ದೇನೆ. ಸತ್ತ ಅಂಗಾಂಶ ತೆಗೆದು, ಸಕ್ಕರೆ ಹತೋಟಿಗೆ ತಂದು, ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಂಡಾಗ ಅಂತಹ ವರದಿಯ ಪಾದಗಳೂ ಮಾಯ್ದದ್ದನ್ನು ಕಂಡಿದ್ದೇನೆ. ಮೂರರಲ್ಲಿ ಕೊನೆಯದನ್ನೇ ಮನೆಯವರು ಕಡೆಗಣಿಸುವುದು. ಡ್ರೆಸ್ಸಿಂಗ್ ಮಾಡಿಸಿಕೊಂಡು ಹೋಗಿ ಮರುದಿನ ಬೆಳಿಗ್ಗೆ ಹೊಲಕ್ಕೆ ನಡೆದರೆ, ರಾತ್ರಿಯೆಲ್ಲ ಹುಟ್ಟಿದ ಹೊಸ ಅಂಗಾಂಶ ಅಲ್ಲಿಯೇ ಜಜ್ಜಿಹೋಗುತ್ತದೆ. ತಂದೆಯವರಿಗೆ ನೋವಿಲ್ಲ, ಹಾಗಾಗಿ ನಡೆಯಬಹುದು ಎಂದೇ ಅವರಿಗೆ ಅನ್ನಿಸುತ್ತದೆ. ಮನೆಯಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕು.

ಸ್ಯೂಡೊಮೊನಾಸ್ ಗಾಯಕ್ಕೆ ತೆಳು ಅಸಿಟಿಕ್ ಆಮ್ಲದ ಡ್ರೆಸ್ಸಿಂಗ್ ಎಂಬ ಹಳೆಯ, ಖರ್ಚಿಲ್ಲದ ಪದ್ಧತಿ ಇದೆ. ಅದು ಸೂಕ್ತವೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಮನೆಯಲ್ಲಿ ವಿನೆಗರ್ ಸುರಿಯುವುದಾಗಲಿ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕುವುದಾಗಲಿ ಬೇಡ. ಜ್ವರ ಬಂದರೆ, ಗಾಯದ ಸುತ್ತಲಿನ ಕೆಂಪು ಬಣ್ಣ ಪಾದದ ಮೇಲ್ಭಾಗಕ್ಕೆ ಏರಿದರೆ, ಬೆರಳು ಕಪ್ಪಾದರೆ, ಮುಟ್ಟಿದಾಗ ಚರ್ಮದಡಿ ಚರಚರ ಎಂದರೆ, ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ದಾವಣಗೆರೆಯ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋಗುವಾಗ ಹಳೆಯ ಕಲ್ಚರ್ ವರದಿ, ಈಗಾಗಲೇ ಕೊಟ್ಟ ಆಂಟಿಬಯೋಟಿಕ್‌ಗಳ ಚೀಟಿ, ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ತಂದೆಯವರು ದಿನವೂ ಮೆಟ್ಟುವ ಚಪ್ಪಲಿಯನ್ನೂ ತೆಗೆದುಕೊಂಡು ಹೋಗಿ. ಅಟ್ಟೆ ಎಲ್ಲಿ ಸವೆದು ತಗ್ಗಾಗಿದೆ ಎಂಬುದನ್ನು ನೋಡಿದರೆ ಪಾದದ ಭಾರ ಎಲ್ಲಿ ಬೀಳುತ್ತಿದೆ ಎಂಬುದು ತಿಳಿಯುತ್ತದೆ, ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಸುವಾಗ ಎಲ್ಲಿ ಆಸರೆ ಕೊಡಬೇಕೆಂದು ಅಳತೆ ತೆಗೆಯುವವರಿಗೆ ಅದೇ ಗುರುತು ಬೇಕಾಗುತ್ತದೆ.